ಐದು ದಾರಿಯ ಕೈಮರ

ಮಗುವಿಗೆ ಹೆಸರಿಡುವುದು ಸುಲಭದ ಕೆಲಸ. ಮಗು ತೊಟ್ಟಿಲಲ್ಲಿ ಮಲಗಿರುತ್ತದೆ, ಎದುರು ಮಾತಾಡುವುದಿಲ್ಲ. ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಉಸುರುತ್ತಾಳೆ, ಬಂದವರೆಲ್ಲ ಬಾಯಿಗೆ ಸಕ್ಕರೆ ಹಾಕಿಕೊಂಡು ಮನೆಗೆ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಬೀದಿಗೆ ಹೆಸರಿಡುವುದು ಹಾಗಲ್ಲ. ಬೀದಿ ಎಂದರೆ ಜಗುಲಿ ಜಗುಲಿಗೂ ಒಂದೊಂದು ಬಾಯಿ. ನನಗೆ ಐದು ಮಕ್ಕಳು. ಐವರಿಗೂ ಹೆಸರು ಆರಿಸಿದವರು ನನ್ನ ತಾಯಿ ಮತ್ತು ನನ್ನ ಹೆಂಡತಿ. ನನ್ನನ್ನು ಕರೆದದ್ದು ತೊಟ್ಟಿಲಿಗೆ ಹಗ್ಗ ಬಿಗಿಯುವುದಕ್ಕೆ ಮಾತ್ರ. ಇಂಥ ಅನುಭವಸ್ಥನ ತಲೆಯ ಮೇಲೆ ಇಡೀ ಚಿತ್ರದುರ್ಗದ ಬೀದಿಗಳಿಗೆ ಹೆಸರು ಗೊತ್ತುಮಾಡಿ, ಬೋರ್ಡು ಬರೆಸಿ, ಮೂಲೆ ಮೂಲೆಗೆ ನಿಲ್ಲಿಸುವ ಕೆಲಸ ಬಿದ್ದಿತೆಂದರೆ ಅದಕ್ಕೆ ಕಾರಣ ನನ್ನ ಯೋಗ್ಯತೆಯಲ್ಲ. ನಮ್ಮ ಪ್ರೆಸಿಡೆಂಟರ ಮಾವನವರು.

ಆಗ ನಾನು ದುರ್ಗದ ಮುನಿಸಿಪಾಲಿಟಿಯಲ್ಲಿ ಎರಡನೆಯ ಗುಮಾಸ್ತ. ಪ್ರೆಸಿಡೆಂಟರು ಊರಿಗೆ ಹೊಸಬರು. ಅವರ ಮಾವನವರು ಒಮ್ಮೆ ಹೊಳಲ್ಕೆರೆ ಸ್ಟೇಷನ್ನಿನಲ್ಲಿ ರೈಲಿಳಿದು, ಗಾಡಿ ಮಾಡಿಕೊಂಡು ಅಳಿಯನ ಮನೆಗೆಂದು ಬಂದರು. ಗಾಡಿಯವನು ಊರೊಳಗೆ ಎರಡು ಸುತ್ತು ಹಾಕಿ, ಯಾವುದೋ ಒಂದು ದೊಡ್ಡ ಮನೆಯ ಮುಂದೆ ಇಳಿಸಿ ಹೊರಟುಹೋದ. ಆ ಮನೆಯವರು ಒಳ್ಳೆಯವರು. ಬಂದ ಹಿರಿಯರನ್ನು ‘ತಾವು ಯಾರು’ ಎಂದು ಕೇಳುವುದು ಮರ್ಯಾದೆಯಲ್ಲವೆಂದು ಕಾಲಿಗೆ ನೀರು ಕೊಟ್ಟರು, ಸ್ನಾನಕ್ಕೆ ಕಾಯಿಸಿದರು, ಎಲೆ ಹಾಕಿ ಬಡಿಸಿದರು. ಊಟ ಮುಗಿದು ಅಡಿಕೆ ಬಾಯಿಗೆ ಹಾಕಿಕೊಳ್ಳುವಾಗ ಮಾವನವರು, ಮಗಳು ಇನ್ನೂ ಕಾಣಿಸಲಿಲ್ಲವಲ್ಲ ಎಂದು ವಿಚಾರಿಸಿದ ಮೇಲೆಯೇ ಎರಡು ಕಡೆಯವರಿಗೂ ಸಂಗತಿ ತಿಳಿದದ್ದು. ಮಾವನವರು ಸಾರು ಚೆನ್ನಾಗಿತ್ತೆಂದು ಸುಮ್ಮನಾದರು. ಅಳಿಯಂದಿರು ಸುಮ್ಮನಾಗಲಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೀದಿ ಬೀದಿಗೂ ಹೆಸರಿನ ಹಲಗೆ ಇದೆಯೆಂದೂ, ದುರ್ಗದಂಥ ಹಳೆಯ ಊರಿನಲ್ಲಿ ಇಲ್ಲದಿರುವುದು ನಾಚಿಕೆಗೇಡೆಂದೂ ಮಾರನೆಯ ದಿನವೇ ಹುಕುಂ ಆಯಿತು. ಮೊದಲನೆಯ ಗುಮಾಸ್ತರಿಗೆ ಆ ವಾರವೇ ಮೊಣಕಾಲು ನೋವು ಬಂತು. ನನ್ನ ಮೊಣಕಾಲು ಎಂದಿನಂತೆ ಗಟ್ಟಿಯಾಗಿತ್ತು.

ಈಗಿರುವ ಹೆಸರುಗಳ ಪಟ್ಟಿ ಮಾಡಿಕೊಳ್ಳೋಣವೆಂದು ಪುಸ್ತಕ ಹಿಡಿದು ಹೊರಟೆ. ಒಂದು ಬೆಳಗಿನಲ್ಲಿಯೇ ಒಂದು ಸತ್ಯ ಗೊತ್ತಾಯಿತು. ತನ್ನ ಬೀದಿಯ ಹೆಸರು ಯಾರಿಗೂ ಗೊತ್ತಿಲ್ಲ. ಕೇಳಿದರೆ ‘ಇದಾ? ಇದು ನಮ್ ಬೀದಿ’ ಎನ್ನುತ್ತಾರೆ. ಹೆಸರು ಬೇಕಾದರೆ ಪಕ್ಕದ ಬೀದಿಯಲ್ಲಿ ಕೇಳಬೇಕು. ಅಲ್ಲಿ ಹೆಸರಿಗೆ ಕೊರತೆಯಿಲ್ಲ, ಆದರೆ ಆ ಹೆಸರನ್ನು ಬೋರ್ಡಿನ ಮೇಲೆ ಬರೆಸಿದರೆ ಗುಮಾಸ್ತ ಜೀವಸಹಿತ ಉಳಿಯುವಂತಿಲ್ಲ. ಜಗಳಗಂಟಿಯರ ಓಣಿ, ಎಮ್ಮೆ ಬಿದ್ದ ಸಂದಿ, ಸಾರಿಗೆ ಉಪ್ಪಿಲ್ಲದವರ ಬೀದಿ. ನಾನು ಎಲ್ಲವನ್ನೂ ನಿಷ್ಠೆಯಿಂದ ಬರೆದುಕೊಂಡು, ಆ ಪುಸ್ತಕವನ್ನು ಮನೆಯಲ್ಲಿ ಅಕ್ಕಿಯ ಮಡಕೆಯ ಹಿಂದೆ ಬಚ್ಚಿಟ್ಟೆ. ನಮ್ಮ ಬೀದಿಗೆ ಜನ ಏನೆನ್ನುತ್ತಾರೆಂದು ನನ್ನ ಹೆಂಡತಿ ಎರಡು ದಿನ ಕಾಡಿದಳು. ಇನ್ನೂ ಆ ಕಡೆಗೆ ಹೋಗಿಲ್ಲವೆಂದು ಸುಳ್ಳು ಹೇಳಿದೆ. ಅರಿವೆ ಅಂಗಡಿಗಳ ಬೀದಿಯಲ್ಲಿ ಇಬ್ಬರು ಹಿರಿಯ ವರ್ತಕರು, ಒಬ್ಬರು ಈ ತುದಿ, ಒಬ್ಬರು ಆ ತುದಿ. ಇಬ್ಬರೂ ತಮ್ಮ ತಂದೆಯ ಹೆಸರೇ ಇರಬೇಕೆಂದು ಹಟ ಹಿಡಿದರು. ಕೊನೆಗೆ ಎರಡು ತುದಿಗೆ ಎರಡು ಬೋರ್ಡು ಹಾಕಿಸಿದೆ. ಆ ಬೀದಿ ಒಬ್ಬರ ಹೆಸರಿನಲ್ಲಿ ಶುರುವಾಗಿ ಇನ್ನೊಬ್ಬರ ಹೆಸರಿನಲ್ಲಿ ಮುಗಿಯುತ್ತದೆ. ನಡುವೆ ಎಲ್ಲಿ ಬದಲಾಗುತ್ತದೆಂದು ಟಪಾಲಿನವನೊಬ್ಬ ಕೇಳಿದ, ನಾನು ಕೇಳಿಸಿಕೊಳ್ಳಲಿಲ್ಲ.

ಬೋರ್ಡು ಬರೆಯಲು ಸಿಕ್ಕವರು ಇಮಾಂ ಸಾಹೇಬರು. ಜಟಕಾಗಳ ಮೇಲೆ ಗಿಳಿ, ಕುದುರೆ, ದ್ರಾಕ್ಷಿಯ ಗೊಂಚಲು ಬರೆಯುವುದರಲ್ಲಿ ಅವರ ಸಮ ಯಾರೂ ಇರಲಿಲ್ಲ. ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಬಾರದ್ದರಿಂದಲೇ ಅವರ ಅಕ್ಷರ ಅಷ್ಟು ಚೆನ್ನಾಗಿರುತ್ತಿತ್ತೋ ಏನೋ. ಒಂದೊಂದನ್ನೂ ಗಿಳಿಯಂತೆಯೇ ನೋಡಿ, ಕೊಕ್ಕು ಪುಕ್ಕ ಬಿಡದೆ ತಿದ್ದುತ್ತಿದ್ದರು. ನಾನು ಕಾಗದದ ಮೇಲೆ ಹೆಸರು ಬರೆದುಕೊಟ್ಟರೆ ಅದನ್ನು ದೂರ ಹಿಡಿದು, ‘ಈ ಅಕ್ಷರಕ್ಕೆ ಹೊಟ್ಟೆ ಜಾಸ್ತಿ ಐತೆ ರಾಯ್ರೇ, ಸ್ವಲ್ಪ ಕಮ್ಮಿ ಮಾಡ್ಲಾ?’ ಎನ್ನುತ್ತಿದ್ದರು. ಕಮ್ಮಿ ಮಾಡಿದರೆ ಬೇರೆ ಅಕ್ಷರವಾಗುತ್ತದೆ ಎಂದರೆ ಅವರಿಗೆ ನಿಜವಾಗಿಯೂ ದುಃಖವಾಗುತ್ತಿತ್ತು. ಹಲಗೆ ಕೊಯ್ಯುವ ಮೊದಲು ಹೆಸರಿನಲ್ಲಿ ಎಷ್ಟು ಅಕ್ಷರ ಎಂದು ಅವರಿಗೆ ಗೊತ್ತಾಗಬೇಕು. ಅದಕ್ಕಾಗಿ ನಾನು ಪ್ರತಿಯೊಂದು ಹೆಸರನ್ನೂ ಬಾಲಬೋಧೆಯ ಹುಡುಗರಂತೆ ಬಿಡಿಸಿ ಬಿಡಿಸಿ ಹೇಳಬೇಕು, ಅವರು ಬೆರಳು ಮಡಿಸಬೇಕು.

ಬೀದಿಯ ಬೋರ್ಡುಗಳು ಹೇಗೋ ಆದವು. ಉಳಿದದ್ದು ಕೈಮರ. ಊರಿನ ಹೊರಗೆ ಐದು ದಾರಿ ಕೂಡುವ ಜಾಗದಲ್ಲಿ ಒಂದು ಎತ್ತರದ ಕಂಬ ನೆಟ್ಟು, ಹಿರಿಯೂರಿಗೆ ಒಂದು, ಹೊಸದುರ್ಗಕ್ಕೆ ಒಂದು, ಹೊಳಲ್ಕೆರೆಗೆ ಒಂದು, ಬಳ್ಳಾರಿಯ ಕಡೆಗೆ ಒಂದು, ಕೋಟೆಗೂ ಪೇಟೆಗೂ ಸೇರಿ ಒಂದು, ಹೀಗೆ ಐದು ಹಲಗೆಯ ಕೈಗಳನ್ನು ಹೊಡೆಯಬೇಕೆಂದು ಪ್ರೆಸಿಡೆಂಟರೇ ಸ್ವತಃ ನಕ್ಷೆ ಬರೆದಿದ್ದರು. ಕಂಬದ ಜಾಗಕ್ಕೆ ಕೆಂಪು ಮಸಿಯಲ್ಲಿ ಗುಣಿಸು ಗುರುತು ಹಾಕಿದ್ದರು. ಆ ಗುರುತಿನ ಮೇಲೆ ಸರಿಯಾಗಿ ತಿಪ್ಪಮ್ಮ ಕುಳಿತಿದ್ದಳು.

ತಿಪ್ಪಮ್ಮ ಮಂಡಕ್ಕಿ ಮಾರುವವಳು. ಮೂವತ್ತೈದರ ಹತ್ತಿರದ ಹೆಂಗಸು, ಗಟ್ಟಿ ದನಿ, ಎರಡು ಕೈಗೂ ಮೊಣಕೈ ಹತ್ತಿರದವರೆಗೆ ಹಸಿರು ಬಳೆ. ಎದುರಿಗೆ ಒಂದು ಮಂಡಕ್ಕಿಯ ಚೀಲ, ಒಂದು ಖಾರದ ಬುಟ್ಟಿ. ಐದು ದಾರಿಯಲ್ಲಿ ಯಾವುದರಿಂದ ಯಾರು ಬಂದರೂ ಮೊದಲು ಕಾಣುವವಳು ಅವಳು, ಆದ್ದರಿಂದ ದಾರಿ ಕೇಳುವುದೂ ಅವಳನ್ನೇ. ಅವಳು ಹೇಳುವ ದಾರಿ ನಮ್ಮ ನಕ್ಷೆಯ ಹಾಗೆ ಬರೀ ಗೆರೆಯಲ್ಲ. ಒಮ್ಮೆ ಹಿರಿಯೂರಿನ ಕಡೆಯ ಮುದುಕನೊಬ್ಬನಿಗೆ ಕೋರ್ಟಿನ ದಾರಿ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೆ. ‘ಹಿಂಗೇ ಹೋಗ್ರಿ. ಎಡಕ್ಕೆ ಮುರುಕು ಗೋಡೆ ಬರ್ತತೆ, ಅಲ್ಲಿ ನಿಂತ್ಕಬ್ಯಾಡ್ರಿ, ಆ ಮನೆಯಾಕಿ ನೋಡ್ದೆ ನೀರು ಚೆಲ್ತಾಳೆ. ಮುಂದೆ ಬಾವಿ ಐತೆ, ನೀರು ಸೀ ಅವೆ, ಕುಡ್ಕಂಡು ಹೋಗ್ರಿ. ಸಾಕ್ಷಿ ಹೇಳಾಕ್ ಬಂದೀರಾ? ಹೊಟ್ಟೆಗೇನಾರ ಹಾಕ್ಕಂಡ್ರಾ?’ ಮುದುಕ ಇಲ್ಲವೆಂದ. ಅವಳು ಅವನ ಟವಲಿಗೆ ಒಂದು ಬೊಗಸೆ ಮಂಡಕ್ಕಿ ಸುರಿದಳು. ಕೊನೆಯಲ್ಲಿ ಎಲ್ಲರನ್ನೂ ಕೇಳುವ ಒಂದು ಪ್ರಶ್ನೆ ಅವನನ್ನೂ ಕೇಳಿದಳು: ನಿಮ್ಮದು ಯಾವೂರು, ಊರ ಮುಂದೆ ಕೆರೆ ಐತಾ? ಇದ್ದರೆ ಏರಿ ಮೇಲೆ ಏನೇನು ಮರ ಅವೆ? ಇದು ಬಿಡುವಿನ ಹರಟೆಯೆಂದು ನಾನು ತಿಳಿದಿದ್ದೆ.

ಅಂಥವಳನ್ನು ಎಬ್ಬಿಸಬೇಕು. ಪ್ರೆಸಿಡೆಂಟರು ಒಂದು ವಾರದ ಗಡುವು ಕೊಟ್ಟಿದ್ದರು. ನಾನು ಮೂರು ದಿನ ಆ ಕಡೆ ಸುಳಿಯದೆ, ನಾಲ್ಕನೆಯ ದಿನ ರುಮಾಲು ಗಟ್ಟಿಯಾಗಿ ಸುತ್ತಿಕೊಂಡು ಹೋದೆ. ಸರ್ಕಾರ, ಸಾರ್ವಜನಿಕರು, ಅನುಕೂಲ ಮುಂತಾದ ಮಾತುಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಎದುರಿಗೆ ನಿಂತಾಗ ಅವುಗಳಲ್ಲಿ ಒಂದೂ ನೆನಪಾಗದೆ, ಹತ್ತು ಮೊಳ ಆಚೆ ಹೊಂಗೆ ಮರದ ಕೆಳಗೆ ನೆರಳು ತಂಪಾಗಿರುತ್ತದೆ, ಅಲ್ಲಿ ಕೂತರೆ ಅವಳ ಆರೋಗ್ಯಕ್ಕೆ ಒಳ್ಳೆಯದು ಎಂದೆ. ತಿಪ್ಪಮ್ಮ ನನ್ನನ್ನೂ ನಕ್ಷೆಯನ್ನೂ ನೋಡಿದಳು. ಸಿಟ್ಟು ಮಾಡಲಿಲ್ಲ.

‘ಕಂಬ ಎಲ್ಲಿ ಬೇಕಾರೂ ನೆಡ್ರಿ ರಾಯ್ರೇ. ನಾನು ಇಲ್ಲಿಂದ ಏಳಂಗಿಲ್ಲ. ಹತ್ತು ಮೊಳಾನೂ ಇಲ್ಲ, ಒಂದು ಗೇಣೂ ಇಲ್ಲ.’

ಅಷ್ಟು ಹೇಳಿ ನನಗೂ ಮಂಡಕ್ಕಿ ಕಟ್ಟಿಕೊಟ್ಟಳು. ನಾನು ಅದನ್ನು ತಿನ್ನುತ್ತಾ ಕಚೇರಿಗೆ ಬಂದು, ‘ಸ್ಥಳ ಪರಿಶೀಲನೆ ನಡೆದಿದೆ’ ಎಂದು ಬರೆದೆ.

ಆ ಹಟದ ಹಿಂದೆ ಏನಿದೆಯೆಂದು ಇಮಾಂ ಸಾಹೇಬರು ಹೇಳಿದರು. ಮೂವತ್ತು ವರ್ಷದ ಹಿಂದಿನ, ಧಾತು ಈಶ್ವರ ಸಂವತ್ಸರಗಳ ದೊಡ್ಡ ಬರದಲ್ಲಿ ಹಳ್ಳಿಹಳ್ಳಿಗಳೇ ಎದ್ದು ದುರ್ಗದ ದಾರಿಗಳಲ್ಲಿ ನಡೆದು ಬಂದವಂತೆ. ಸಾಹೇಬರು ಆಗ ಹತ್ತು ವರ್ಷದವರು. ಅವರ ತಂದೆಗೆ ಐದು ದಾರಿಯ ಹತ್ತಿರವೇ ಮಂಡಕ್ಕಿ ಭಟ್ಟಿ. ಒಂದು ದಿನ ದಾರಿ ಕೂಡುವ ಜಾಗದಲ್ಲಿ ಐದು ವರ್ಷದ ಒಂದು ಹೆಣ್ಣು ಕೂಸು ಕುಳಿತಿತ್ತು. ಸಂಜೆಯಾದರೂ ಏಳಲಿಲ್ಲ. ಕರೆದರೆ ಬರಲಿಲ್ಲ, ಎತ್ತಿಕೊಳ್ಳಲು ಹೋದರೆ ಕಚ್ಚಿತು. ಅಣ್ಣ ‘ಇಲ್ಲೇ ಕುಂತಿರು, ಏಳಬ್ಯಾಡ, ಗಂಜಿ ತರ್ತೀನಿ’ ಎಂದು ಹೇಳಿ ಹೋಗಿದ್ದಾನೆ ಎಂಬುದೊಂದೇ ಮಾತು. ಅಣ್ಣ ಬರಲಿಲ್ಲ. ಮಾರನೆಯ ದಿನ ಕೂಸು ಕಾದ ಕೆಂಡದ ಹಾಗೆ ಜ್ವರ ಬಂದು ಒರಗಿದಾಗ ಸಾಹೇಬರ ತಾಯಿ ಎತ್ತಿಕೊಂಡು ಹೋಗಿ ಎರಡು ತಿಂಗಳು ಒಳಗೆ ಮಲಗಿಸಿ ಬದುಕಿಸಿಕೊಂಡರು. ಜ್ವರ ಬಿಟ್ಟ ಮೇಲೆ ಕೂಸಿಗೆ ಊರ ಮುಂದಿನ ಕೆರೆ ಏರಿಯ ಮರಗಳು ನೆನಪಿದ್ದವೇ ಹೊರತು ತನ್ನ ಹೆಸರೂ ನೆನಪಿರಲಿಲ್ಲ. ಯಾವೂರು ಎಂದು ಕೇಳಿದರೆ ಅದು ‘ಅಬ್ಬೆ, ಅಬ್ಬೆ’ ಎನ್ನುತ್ತಿತ್ತು. ಪಾಪ, ತಾಯಿಯನ್ನು ಕರೆಯುತ್ತಿದೆ ಎಂದುಕೊಂಡರು. ಆಗಿನ ಸ್ಕೂಲು ಮೇಷ್ಟ್ರೊಬ್ಬರು ಅಬ್ಬೆ ಎಂದರೆ ಹಳಗನ್ನಡದಲ್ಲಿ ತಾಯಿಯೇ ಎಂದು ಅರ್ಥವನ್ನೂ ಬಿಡಿಸಿದರು. ಅಲ್ಲಿಗೆ ವಿಚಾರಣೆ ಮುಗಿಯಿತು.

ಸಾಹೇಬರ ತಾಯಿ ಆ ಕೂಸನ್ನು ತಮ್ಮಲ್ಲೇ ಮಲಗಿಸಿಕೊಂಡರು. ಊಟಕ್ಕೆ ಮಾತ್ರ ಪಕ್ಕದ ಲಿಂಗಾಯತರ ಮನೆಯಲ್ಲಿ ಹೇಳಿದ್ದರು. ಹೆಸರಿಟ್ಟವರೂ ಆ ಮನೆಯವರೇ. ‘ಇದರ ಅಮ್ಮ ಬಂದು ಕೇಳಿದ್ರೆ, ಹೆಂಗಿತ್ತೋ ಹಂಗೇ ಕೊಡಬೇಕಲ್ಲಾ’ ಎಂದು ಸಾಹೇಬರ ತಾಯಿ ಹೇಳುತ್ತಿದ್ದರಂತೆ. ಕೇಳಲು ಯಾರೂ ಬರಲಿಲ್ಲ. ಕೂಸು ಎರಡು ಮನೆಯಲ್ಲಿ ಬೆಳೆದು ದೊಡ್ಡದಾಯಿತು, ಬಸಪ್ಪನೆಂಬ ಗಾಡಿ ಹೊಡೆಯುವವನನ್ನು ಮದುವೆಯಾಯಿತು, ಭಟ್ಟಿಯ ಮಂಡಕ್ಕಿಯನ್ನು ಚೀಲಕ್ಕೆ ತುಂಬಿಕೊಂಡು ಬಂದು ಅದೇ ಜಾಗದಲ್ಲಿ ಕುಳಿತುಕೊಂಡಿತು. ಇಷ್ಟನ್ನೂ ಸಾಹೇಬರು ಹಲಗೆಗೆ ಬಿಳಿ ಬಣ್ಣ ಬಳಿಯುತ್ತಾ, ನನ್ನ ಮುಖ ನೋಡದೆ ಹೇಳಿದರು. ನಾನು ನಕ್ಷೆಯನ್ನು ಮಡಿಸಿ ಜೇಬಿನಲ್ಲಿಟ್ಟೆ. ಗಡುವಿಗೆ ಎರಡು ದಿನ ಉಳಿದಿತ್ತು. ನನಗೆ ಹೊಳೆದ ಒಂದೇ ಉಪಾಯವೆಂದರೆ ಕೆಂಪು ಗುರುತಿನ ಮೇಲೆ ಮಸಿ ಚೆಲ್ಲಿಕೊಳ್ಳುವುದು.

ಅಷ್ಟರಲ್ಲಿ ಪ್ರೆಸಿಡೆಂಟರಿಗೆ ಇನ್ನೊಂದು ಯೋಚನೆ ಬಂತು. ಒಂದೊಂದು ಕೈಯ ಕೆಳಗೂ ಆ ದಿಕ್ಕಿನ ಒಂದು ಮುಖ್ಯ ಹಳ್ಳಿಯ ಹೆಸರೂ ಇರಲಿ ಎಂದು, ತಾಲ್ಲೂಕು ಕಚೇರಿಯಿಂದ ಹಳ್ಳಿಗಳ ಪಟ್ಟಿ ತರಿಸಿಕೊಟ್ಟರು. ಗಡುವೂ ಒಂದು ತಿಂಗಳು ಮುಂದೆ ಹೋಯಿತು. ಆ ಪಟ್ಟಿ ಹಿಡಿದು ನಾನೂ ಸಾಹೇಬರೂ ಐದು ದಾರಿಯಲ್ಲಿ ತಿಪ್ಪಮ್ಮನ ಪಕ್ಕದ ಕಲ್ಲಿನ ಮೇಲೆ ಕುಳಿತೆವು. ನಾನು ಹಿರಿಯೂರಿನ ಪಟ್ಟಿ ತೆಗೆದೆ.

‘ಜ, ವ, ನ, ಗೊಂ, ಡ, ನ, ಹ, ಳ್ಳಿ’ ಎಂದೆ.

‘ಎಂಟು. ಈ ಊರು ಹಲಗೆ ಮೇಲೆ ಕುಂತ್ಕಳಂಗಿಲ್ಲ, ಬಿಡ್ರಿ’ ಎಂದರು ಸಾಹೇಬರು.

ಹೀಗೆ ಇನ್ನೂ ಹತ್ತಿಪ್ಪತ್ತು ಊರುಗಳನ್ನು ಅಕ್ಷರ ಜಾಸ್ತಿಯೆಂದು ತಳ್ಳಿಹಾಕಿದೆವು. ಪಟ್ಟಿಯ ಕೆಳತುದಿಯಲ್ಲಿ ಒಂದು ಚಿಕ್ಕ ಹೆಸರು ಕಂಡಿತು. ‘ಹ, ರಿ, ಯ, ಬ್ಬೆ’ ಎಂದು ಬಿಡಿಸಿದೆ. ಸಾಹೇಬರು ನಾಲ್ಕು ಬೆರಳು ಮಡಿಸಿ ಸಂತೋಷದಿಂದ ತಲೆಯಾಡಿಸಿದರು. ಪಕ್ಕದಲ್ಲಿ ತಿಪ್ಪಮ್ಮನ ಕೈ ಮಂಡಕ್ಕಿಯ ಚೀಲದೊಳಗೆ ನಿಂತುಹೋಗಿತ್ತು.

‘ಇನ್ನೊಂದ್ಸಲ ಹೇಳ್ರಿ’ ಎಂದಳು.

ಹೇಳಿದೆ. ಮತ್ತೆ ಹೇಳಿಸಿದಳು. ಮೂರನೆಯ ಸಲ ನನ್ನ ಜೊತೆಗೆ ಅವಳ ತುಟಿಯೂ ಆಡಿತು. ಕೊನೆಯ ಎರಡು ಅಕ್ಷರ ಮಾತ್ರ ಹೊರಗೆ ಬಂದವು. ಸಾಹೇಬರು ಅವಳನ್ನು ನೋಡಿದರು, ಅವಳು ಸಾಹೇಬರನ್ನು ನೋಡಿದಳು. ಅವರ ಬೆರಳು ನಾಲ್ಕೂ ಮಡಿಸಿದ್ದು ಹಾಗೆಯೇ ಇತ್ತು. ‘ಯಾ ಅಲ್ಲಾ, ಅಮ್ಮೀನ ಕರೀತಾ ಇರಲಿಲ್ಲ, ಊರ ಹೆಸರು ಹೇಳ್ತಾ ಇತ್ತು’ ಎಂದರು ಮೆಲ್ಲಗೆ. ಮೂವತ್ತು ವರ್ಷ ಊರಿಡೀ ಕೇಳಿದ್ದ ಮಾತು. ಅದಕ್ಕೆ ಅರ್ಥ ಹೇಳಲು ಹೋಗದೆ, ಬರೀ ಅಕ್ಷರ ಎಣಿಸಿದ್ದರೆ ಆಗಲೇ ತಿಳಿಯುತ್ತಿತ್ತೋ ಏನೋ.

ಹಿರಿಯೂರು ದಾರಿಯ ಮೈಲಿಗಳನ್ನು ಖುದ್ದು ಪರಿಶೀಲಿಸುವುದು ಅಗತ್ಯವೆಂದು ಮಾರನೆಯ ದಿನ ಒಂದು ಅರ್ಜಿ ಬರೆದೆ. ನನ್ನ ಉದ್ಯೋಗದ ಕಾಲದಲ್ಲಿ ನಾನಾಗಿ ಕೆಲಸ ಕೇಳಿದ್ದು ಅದೊಂದೇ ಸಲ. ಪ್ರೆಸಿಡೆಂಟರು ಆಶ್ಚರ್ಯದಲ್ಲಿಯೇ ಸಹಿ ಹಾಕಿದರು. ಗಾಡಿ ಬಸಪ್ಪನದು. ತಿಪ್ಪಮ್ಮ ಹೊರಡುವ ಹೊತ್ತಿಗೆ ಹಿಂದೆಗೆದಳು. ತಾನಿಲ್ಲದಾಗ ಜಾಗ ಬರಿದಾಗುತ್ತದಲ್ಲ ಎಂಬುದು ಅವಳ ಸಂಕಟ. ಇಮಾಂ ಸಾಹೇಬರು ತಮ್ಮ ಬಣ್ಣದ ಕುಡಿಕೆಗಳನ್ನೂ ಹಲಗೆಗಳನ್ನೂ ತಂದು ಅವಳ ಜಾಗದಲ್ಲಿ ಇಟ್ಟುಕೊಂಡು ಕುಳಿತರು. ‘ಹೋಗಿ ಬಾರವ್ವ. ನೀನು ಬರಗಂಟ ನಾನು ಏಳಲ್ಲ’ ಎಂದರು. ಗಾಡಿಗೆ ಒಂದು ಚೀಲ ಮಂಡಕ್ಕಿಯನ್ನೂ ಹಾಕಿಸಿದರು. ತವರಿಗೆ ಬರಿಗೈಯಲ್ಲಿ ಹೋಗಬಾರದಲ್ಲ.

ಹಿರಿಯೂರಿನವರೆಗೆ ಮೈಲಿಕಲ್ಲುಗಳಿದ್ದವು. ಆಚೆಗೆ ಇರಲಿಲ್ಲ. ಆದ್ದರಿಂದ ನಾನು ಗಾಡಿಯ ಚಕ್ರಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ, ಸುತ್ತು ಎಣಿಸುತ್ತಾ, ನೂರು ಸುತ್ತಿಗೊಂದು ಹುಣಸೆ ಬೀಜವನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋದೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಚ್ಚಿದರೂ ಕೆಂಪು ಬಟ್ಟೆ ತಿರುಗುತ್ತಿತ್ತು. ಬಸಪ್ಪ ಮಾತಾಡುವವನಲ್ಲ. ತಿಪ್ಪಮ್ಮ ಯಾವಾಗಲೂ ಮಾತಾಡುವವಳು, ಅವತ್ತು ಆಡಲಿಲ್ಲ. ಒಂದು ಸಲ ಮಾತ್ರ, ‘ಯಾರೂ ಇಲ್ದೇ ಇದ್ರೆ ಕೆರೆ ಏರಿ ನೋಡ್ಕಂಡು ಬರಾಣ ರಾಯ್ರೇ, ಬ್ಯಾಸರ ಮಾಡ್ಕಬ್ಯಾಡ್ರಿ’ ಎಂದು ನನಗೇ ಸಮಾಧಾನ ಹೇಳಿದಳು.

ಹರಿಯಬ್ಬೆಯ ಚಾವಡಿಯಲ್ಲಿ ಶಾನುಭೋಗರು ಮರ್ಯಾದೆಯಿಂದ ಕೂರಿಸಿದರು. ದೊಡ್ಡ ಬರದಲ್ಲಿ ಹೆಣ್ಣು ಕೂಸೊಂದನ್ನು ಕಳೆದುಕೊಂಡ ಮನೆ ಯಾವುದಾದರೂ ಇದೆಯೇ ಎಂದು ಕೇಳಿದೆ. ಅವರು, ಕಳೆದುಕೊಳ್ಳದ ಮನೆ ಯಾವುದೆಂದು ಕೇಳಿದರೆ ಹೇಳುವುದು ಸುಲಭ ಎಂದರು. ಜನ ಸೇರಿತು. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಯಾವುದೂ ಕೂಡಿಬರಲಿಲ್ಲ. ತಿಪ್ಪಮ್ಮ ಗಾಡಿಯ ಮರೆಯಲ್ಲಿ ನಿಂತಿದ್ದಳು, ಮುಂದೆ ಬಂದಿರಲಿಲ್ಲ. ಆಗ ಹೊಲದಿಂದ ಹಾಗೆಯೇ ಬಂದವನೊಬ್ಬ, ನಲವತ್ತರ ವಯಸ್ಸಿನವನು, ಹೆಗಲ ಮೇಲಿನ ಗುದ್ದಲಿಯನ್ನೂ ಇಳಿಸದೆ ಜನದ ಹಿಂದಿನಿಂದ ಕೇಳಿದ:

‘ಎಲ್ಲಿ ಸಿಕ್ತು ಆ ಕೂಸು?’

ದುರ್ಗದಲ್ಲಿ, ಐದು ದಾರಿ ಕೂಡುವಲ್ಲಿ ಎಂದೆ.

ಅವನು ಗುದ್ದಲಿಯನ್ನು ಮೆಲ್ಲಗೆ ನೆಲಕ್ಕೆ ಇಟ್ಟ. ‘ಎದ್ದು ಹೋಗಿತ್ತಾ, ಕುಂತೇ ಇತ್ತಾ?’

ಗಾಡಿಯ ಮರೆಯಿಂದ ತಿಪ್ಪಮ್ಮನ ದನಿ ಬಂತು. ‘ಇನ್ನೂ ಕುಂತೇ ಇದೀನಿ ಕಣಣ್ಣ.’

ಮುಂದೆ ನಡೆದದ್ದನ್ನು ನಾನು ಸರಿಯಾಗಿ ನೋಡಲಿಲ್ಲ. ದಾರಿಯ ಧೂಳು ಕಣ್ಣಿಗೆ ಬಿದ್ದಿತ್ತು. ಶಾನುಭೋಗರ ಕಣ್ಣಿಗೂ ಬಿದ್ದಿತ್ತು, ಅವರು ಚಾವಡಿ ಬಿಟ್ಟು ಕದಲಿದವರೇ ಅಲ್ಲ. ಅಣ್ಣನ ಹೆಸರು ಈರಣ್ಣ. ಸಂಜೆ ಅವನ ಮನೆಯ ಜಗುಲಿಯಲ್ಲಿ ಕುಳಿತು ಹೇಳಿದ. ತಾಯಿಯ ಜೊತೆ ಗಂಜಿಯ ಸಾಲಿನಲ್ಲಿ ನಿಂತಿದ್ದಾಗ ನೂಕುನುಗ್ಗಲಾಗಿ, ಕೆರೆ ಕೆಲಸಕ್ಕೆಂದು ಅವನನ್ನೂ ತಾಯಿಯನ್ನೂ ಗಾಡಿಗೆ ಹತ್ತಿಸಿ ಎಲ್ಲಿಗೋ ಒಯ್ದರಂತೆ. ತಿಂಗಳ ಮೇಲೆ ತಪ್ಪಿಸಿಕೊಂಡು ಬಂದು ಹುಡುಕಿದರೆ, ದಿಕ್ಕಿಲ್ಲದ ಮಕ್ಕಳನ್ನೆಲ್ಲ ಬೆಂಗಳೂರಿನ ಕಡೆಗೆ ಸಾಗಿಸಿದರೆಂದು ಯಾರೋ ಹೇಳಿದರು. ಆಗ ಕೂಸು ಐವತ್ತು ಹೆಜ್ಜೆ ದೂರದ ಭಟ್ಟಿಯ ಮನೆಯೊಳಗೆ ಜ್ವರದಲ್ಲಿ ಮಲಗಿತ್ತು. ತಾಯಿ ಬದುಕಿರುವವರೆಗೂ ಮತ್ತೆ ಗಂಜಿ ಬಾಯಿಗೆ ಇಡಲಿಲ್ಲ. ಈರಣ್ಣ ಮತ್ತೆ ದುರ್ಗದ ದಾರಿ ತುಳಿಯಲಿಲ್ಲ. ಕೋರ್ಟಿನಿಂದ ಸಾಕ್ಷಿ ಹೇಳಲು ಕರೆ ಬಂದಾಗಲೂ ಜುಲ್ಮಾನೆ ಕಟ್ಟಿ ಉಳಿದುಕೊಂಡನೇ ಹೊರತು ಹೋಗಲಿಲ್ಲ. ತಿಪ್ಪಮ್ಮನಿಗೆ ಹೆತ್ತವರು ಇಟ್ಟಿದ್ದ ಹೆಸರು ಗೌರಿ ಎಂದೂ ಅವತ್ತು ತಿಳಿಯಿತು. ಅವಳು ಎರಡು ಸಲ ಆ ಹೆಸರನ್ನು ತಾನೇ ಕರೆದುಕೊಂಡು ನೋಡಿ, ಚೆನ್ನಾಗಿದೆ, ಇರಲಿ, ಆದರೆ ದುರ್ಗದಲ್ಲಿ ಯಾರಿಗೂ ಹೇಳಬೇಡಿ, ಗಿರಾಕಿಗಳಿಗೆ ತಿಳಿಯುವುದಿಲ್ಲ ಎಂದಳು.

ನಾವು ವಾಪಸು ಬಂದ ಹದಿನೈದು ದಿನಕ್ಕೆ ಈರಣ್ಣ ದುರ್ಗಕ್ಕೆ ಬಂದ. ನಾನು ಕಂಬದ ಗುಂಡಿಯ ವಿಷಯವಾಗಿ ಯಾರಿಗೂ ಏನೂ ಹೇಳಿರಲಿಲ್ಲ. ಮಸಿಯ ಕುಡಿಕೆಯನ್ನು ಮಾತ್ರ ನಕ್ಷೆಯ ಹತ್ತಿರ ತಂದಿಟ್ಟುಕೊಂಡಿದ್ದೆ. ಅವತ್ತು ಸಾಹೇಬರು ಕಳಿಸಿದ ಆಳು ಬಂದು ಕರೆದಾಗ ಐದು ದಾರಿಗೆ ಓಡಿದೆ. ತಿಪ್ಪಮ್ಮ ಚೀಲದ ಮುಂದೆ ಕುಳಿತೇ ಇದ್ದಳು. ಅಣ್ಣ ಅವಳ ಎದುರಿಗೆ ಬಂದು ನಿಂತು, ಸ್ವಲ್ಪ ಹೊತ್ತು ಐದು ದಾರಿಯನ್ನೂ ನೋಡಿದ. ಆಮೇಲೆ ಬಗ್ಗಿ ಕೈ ಚಾಚಿದ.

‘ಏಳು ತಂಗಿ. ತಡ ಆತು.’

ಅವಳು ಆ ಕೈ ಹಿಡಿದುಕೊಂಡು ಎದ್ದಳು. ಸೀರೆಗೆ ಅಂಟಿದ್ದ ಮಂಡಕ್ಕಿ ಕೊಡವಿಕೊಂಡಳು. ಭಟ್ಟಿಯ ಮನೆಗೆ ಅಣ್ಣನನ್ನು ಕರೆದುಕೊಂಡು ಹೋಗುವಾಗ ನನ್ನ ಕಡೆ ತಿರುಗಿ, ಇನ್ನು ಕಂಬ ನೆಡಿಸಿಕೊಳ್ಳಿ, ನನಗೆ ಎಲ್ಲಿ ಕುಳಿತರೂ ಆದೀತು ಎಂದಳು. ಮಾರನೆಯ ದಿನದಿಂದ ಅವಳ ಚೀಲ ಹತ್ತು ಮೊಳ ಆಚೆ, ಹೊಂಗೆಯ ನೆರಳಿಗೆ ಬಂತು. ತವರಿನಲ್ಲಿಯೇ ಇರು ಎಂದು ಅಣ್ಣ ಕೇಳಿಕೊಂಡನಂತೆ. ಹಬ್ಬಕ್ಕೆ ಬರುತ್ತೇನೆ, ಇಲ್ಲಿ ಜನಕ್ಕೆ ದಾರಿ ಹೇಳುವವರು ಯಾರು ಎಂದಳಂತೆ. ಮುನಿಸಿಪಾಲಿಟಿಯ ಕೈಮರದ ಮೇಲೆ ಅವಳಿಗೆ ಎಷ್ಟು ನಂಬಿಕೆಯಿತ್ತೆಂಬುದು ಇದರಿಂದಲೇ ಗೊತ್ತಾಗುತ್ತದೆ.

ಕಂಬ ನಿಂತಿತು. ಪ್ರೆಸಿಡೆಂಟರ ನಕ್ಷೆಯಲ್ಲಿ ಐದು ಕೈಗಳೂ ದೊರೆಗಳ ಕೈಯಂತೆ ಕೋಟಿನ ತೋಳು ತೊಟ್ಟಿದ್ದವು. ನಾಲ್ಕು ಕೈಗೆ ಸಾಹೇಬರು ನನ್ನ ಕೈಯನ್ನೇ ನೋಡಿಕೊಂಡು ಬರೆದರು. ಬರೆದು ಬರೆದು ನನ್ನ ತೋರುಬೆರಳು ಸೊಟ್ಟಗಾಗಿದೆ. ಆದ್ದರಿಂದ ಆ ನಾಲ್ಕು ಊರುಗಳೂ ಸ್ವಲ್ಪ ನೆಲದೊಳಗೆ ಇರುವಂತೆ ಕಾಣುತ್ತಿದ್ದವು. ಐದನೆಯ ಕೈ ನೆಟ್ಟಗೆ, ಗಟ್ಟಿಯಾಗಿ ಹಿರಿಯೂರಿನ ಕಡೆಗೆ ಚಾಚಿತ್ತು. ಅದರ ಮಣಿಕಟ್ಟಿನ ಮೇಲೆ ಹಸಿರು ಬಳೆಗಳಿದ್ದವು. ಅದರ ಕೆಳಗೆ ಹರಿಯಬ್ಬೆ ಎಂದೂ, ಇಷ್ಟು ಮೈಲಿ ಎಂದೂ ಸಾಹೇಬರು ತಮ್ಮ ಜೀವಮಾನದ ಅತ್ಯುತ್ತಮ ಅಕ್ಷರದಲ್ಲಿ ಬರೆದಿದ್ದರು.

ಪ್ರೆಸಿಡೆಂಟರು ಕುದುರೆಯ ಮೇಲೆ ಬಂದು ನೋಡಿದರು. ಬಳೆಯನ್ನೂ ನೋಡಿದರು. ಎರಡು ದಿನದ ಗಾಡಿದಾರಿ ದೂರದ, ಯಾರೂ ಕೇಳದ ಹಳ್ಳಿಯನ್ನು ಮುಖ್ಯ ಸ್ಥಳವೆಂದು ಬರೆಸಿದ್ದಕ್ಕೆ ಸಮಜಾಯಿಷಿ ಬರೆಯಬೇಕೆಂದು ಮೆಮೊ ಬಂತು. ನಾನು ಮೊದಲು ಆ ಹಳ್ಳಿಯಲ್ಲಿ ಬೆಳೆಯುವ ಶೇಂಗಾ, ಜೋಳಗಳ ಮಹತ್ವವನ್ನು ಕುರಿತು ಎರಡು ಪುಟ ಬರೆದೆ. ಹೆಂಡತಿಗೆ ಓದಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, ನಡೆದದ್ದನ್ನು ನಡೆದ ಹಾಗೆ ಬರೆಯುವುದಕ್ಕೆ ನಿಮಗೆ ಏನು ಕಷ್ಟ ಎಂದು ಕೇಳಿದಳು. ಕಷ್ಟವೇನೂ ಇರಲಿಲ್ಲ, ಅಭ್ಯಾಸ ಇರಲಿಲ್ಲ. ಆ ಎರಡು ಪುಟ ಹರಿದು, ನಡೆದದ್ದನ್ನು ಬರೆದು ಕಳಿಸಿ, ಮನೆಯಲ್ಲಿ ವರ್ಗದ ಮಾತಾಡಿ, ಪಾತ್ರೆ ಕಟ್ಟುವ ಗೋಣಿಚೀಲ ಎಷ್ಟಿದೆ ಎಂದು ಎಣಿಸಿದೆ.

ಕಾಗದ ಮೂರು ದಿನಕ್ಕೆ ಹಿಂದಕ್ಕೆ ಬಂತು. ಕೆಳಗೆ ಕೆಂಪು ಮಸಿಯಲ್ಲಿ ಎರಡೇ ಸಾಲು. ‘ಓದಿದೆ. ಹೆಸರು ಇರಲಿ. ಮೈಲಿ ತಪ್ಪಾಗಿದೆ, ತಾಲ್ಲೂಕು ನಕ್ಷೆ ನೋಡಿ ತಿದ್ದಿಸುವುದು.’

ಮೈಲಿ ತಪ್ಪುವುದು ಸಾಧ್ಯವೇ ಇಲ್ಲವೆಂದು ನಾನು ಹುಣಸೆ ಬೀಜಗಳನ್ನು ಮತ್ತೆ ಎಣಿಸಿದೆ. ಬೀಜ ಸರಿಯಾಗಿತ್ತು. ಬಸಪ್ಪನನ್ನು ಕೇಳಿದೆ. ಅವನು ಎತ್ತಿನ ಬೆನ್ನು ಸವರುತ್ತಾ, ಹಿರಿಯೂರು ದಾಟಿದ ಮೇಲೆ ಸ್ವಾಮಿಯವರು ಬಲಕ್ಕೆ ಹೊಡಿ ಎಂದಿರಿ, ಅದು ಸಿರಾ ದಾರಿ, ಆಮೇಲೆ ನಾನೇ ಸುಮ್ಮನೆ ಒಂದು ಅಡ್ಡದಾರಿಯಲ್ಲಿ ತಿರುಗಿಸಿಕೊಂಡು ಬಂದೆ, ನೀವು ಬಟ್ಟೆ ನೋಡುತ್ತಿದ್ದಿರಿ ಎಂದ. ಆಗಲೇ ಏಕೆ ಹೇಳಲಿಲ್ಲ ಎಂದು ಸಿಟ್ಟು ಮಾಡಿದೆ.

‘ಊರಿಗೆಲ್ಲ ದಾರಿ ಬರ್ಸೋರು ನೀವು’ ಎಂದ ಬಸಪ್ಪ. ‘ನಿಮಗೆ ನಾನು ಹೆಂಗೆ ದಾರಿ ಹೇಳ್ಲಿ?’

ಇಮಾಂ ಸಾಹೇಬರು ಏಣಿ ಹತ್ತಿ ಹಳೆಯ ಅಂಕಿಯನ್ನು ಕೆರೆದು ಹೊಸದು ಬರೆಯುವಾಗ ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಹೊಸದುರ್ಗದ ಕಡೆಯಿಂದ ಬಂದ ಇಬ್ಬರು ಗೌಡರು ಕೈಮರವನ್ನು ಒಂದು ಸುತ್ತು ನೋಡಿ, ನನ್ನ ರುಮಾಲನ್ನೂ ಕೋಟನ್ನೂ ನೋಡಿ, ತಿಳಿದವರೆಂದು ನಂಬಿ, ಕಚೇರಿಗೆ ಯಾವ ಕಡೆ ಹೋಗಬೇಕು ಎಂದು ಕೇಳಿದರು. ನಾನು ಹನ್ನೊಂದು ವರ್ಷದಿಂದ ದಿನಾ ಹೋಗಿ ಬರುವ ಕಚೇರಿ ಅದು. ಏಣಿಯಿಂದ ಒಂದು ಕೈ ಬಿಡಿಸಿಕೊಂಡು, ಸೊಟ್ಟ ಬೆರಳು ಚಾಚಿ, ಹೊಂಗೆ ಮರದ ಕೆಳಗೆ ಕುಳಿತಿದ್ದ ತಿಪ್ಪಮ್ಮನನ್ನು ತೋರಿಸಿದೆ.